ಹಳ್ಳದಲ್ಲಿ ಸಾಲ್ಮನ್ ಎಣಿಸೋಕೆ ಹೋಗಿದ್ದವರು ಯಾರಾದರೂ ಇದ್ದೀರಾ?

ಹೊಸಬಳು, ವೆಸ್ಟ್ ಸಿಯಾಟಲ್:

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಇಲ್ಲಿಗೆ ಬಂದು ಎರಡು ವರ್ಷ ಆಯ್ತು. ನಮ್ಮ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷ ನಡೆದರೆ ಲಾಂಗ್‌ಫೆಲೋ ಹಳ್ಳ. ಸಮುದ್ರದಿಂದ ಮೊಟ್ಟೆ ಇಡೋಕೆ ಬರುವ ಸಾಲ್ಮನ್ ಎಣಿಸೋಕೆ ಸ್ವಯಂಸೇವಕರು ಬೇಕು ಅಂತ ಚೀಟಿ ನೋಡಿ ಹುಮ್ಮಸ್ಸಿನಲ್ಲಿ ಹೆಸರು ಕೊಟ್ಟುಬಿಟ್ಟೆ. ಆಮೇಲೆ ಬಂದ ಈಮೇಲ್ ಓದಿದಾಗಿನಿಂದ ಎದೆ ಢವಢವ ಅಂತಿದೆ. ವೇಡರ್ (ನೀರು ಒಳಗೆ ಬಿಡದ ಉದ್ದನೆಯ ಬೂಟು-ಪ್ಯಾಂಟು) ಹಾಕಿಕೊಂಡು ನೀರಿಗೆ ಇಳಿಯಬೇಕಂತೆ. ಸತ್ತ ಮೀನು ಸಿಕ್ಕರೆ ಅಳತೆ ತೆಗೆದು, ಹೊಟ್ಟೆ ಸೀಳಿ, ಒಳಗೆ ಮೊಟ್ಟೆ ಉಳಿದಿದೆಯಾ ನೋಡಬೇಕಂತೆ. ನಮ್ಮದು ಈರುಳ್ಳಿಯನ್ನೂ ವಾರ ನೋಡಿ ಹಾಕುವ ಮನೆ. ನನಗೆ ಗೊತ್ತಿರೋ ಮೀನು ಅಂದರೆ ಅಕ್ವೇರಿಯಮ್ಮಿನ ಗೋಲ್ಡ್‌ಫಿಶ್ ಒಂದೇ.

ಜಾತಿ ಗುರುತು ಹಿಡಿಯೋದು ಕಷ್ಟವಾ? ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ? ಏನೇನು ಕೊಳ್ಳಬೇಕು? ಮತ್ತೆ ನಮ್ಮ ಯಜಮಾನರ ಪ್ರಶ್ನೆ: "ಮೀನು ಎಣಿಸಿದರೆ ಮೀನು ಜಾಸ್ತಿ ಆಗುತ್ತಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಳೆಹುಚ್ಚಿ, ಡೆಲ್‌ರಿಡ್ಜ್:

ನಿಮ್ಮದೇ ಹಳ್ಳದಲ್ಲಿ ಇದು ನನಗೆ ನಾಲ್ಕನೇ ಮಳೆಗಾಲ. ನಾನೂ ಸಸ್ಯಾಹಾರಿಯೇ, ಹಾಗಾಗಿ ಕತ್ತಿಯ ವಿಷಯದಿಂದಲೇ ಶುರು ಮಾಡ್ತೀನಿ.

ಮೊದಲ ದಿನವೇ ಯಾರೂ ನಿಮ್ಮ ಕೈಗೆ ಕತ್ತಿ ಕೊಡಲ್ಲ. ಒಬ್ಬರು ಬರೆದುಕೊಳ್ಳಬೇಕು, ಒಬ್ಬರು ಅಳೆಯಬೇಕು, ಒಬ್ಬರು ಕೊಯ್ಯಬೇಕು. ಮಳೆಯಲ್ಲಿ ಹಾಳೆ ಒದ್ದೆಯಾಗದ ಹಾಗೆ ಹಿಡಿದು, ಓದುವಂಥ ಅಕ್ಷರದಲ್ಲಿ ಬರೆಯೋರು ಸಿಕ್ಕರೆ ಉಳಿದವರಿಗೆ ಹಬ್ಬ. ನಾನು ಪೂರ್ತಿ ಒಂದು ವರ್ಷ ಬರೀ ಬರೆದೆ. ಸಮಯ, ಮಳೆ ಇತ್ತಾ, ನೀರು ತಿಳಿಯಾಗಿತ್ತಾ ಕದಡಿತ್ತಾ, ಜೀವಂತ ಎಷ್ಟು, ಸತ್ತದ್ದು ಎಷ್ಟು, ಗಂಡಾ ಹೆಣ್ಣಾ, ಮೂತಿಯಿಂದ ಬಾಲದ ಕವಲಿನವರೆಗೆ ಎಷ್ಟು ಉದ್ದ, ಬೆನ್ನಿನ ಹಿಂಭಾಗದಲ್ಲಿ ಇರಬೇಕಾದ ಆ ಪುಟ್ಟ ಕೊಬ್ಬಿನ ರೆಕ್ಕೆ ಇದೆಯಾ ಇಲ್ಲವಾ. ಆ ರೆಕ್ಕೆ ಕತ್ತರಿಸಿದ್ದರೆ ಅದು ಹ್ಯಾಚರಿಯಲ್ಲಿ, ಅಂದರೆ ಮೀನು ಮರಿ ಮಾಡಿಸೋ ಕೇಂದ್ರದಲ್ಲಿ, ಬೆಳೆದ ಮೀನು ಅಂತ ಗುರುತು.

ಎರಡನೇ ವರ್ಷ ಅಕ್ಟೋಬರ್ ಕೊನೆಯಲ್ಲಿ ನಮ್ಮ ಜೊತೆಗಾರ್ತಿ ಬರಲಿಲ್ಲ. ಮೀನಿನ ಮೂಳೆಯ ಆಕಾರದ ಆ ಕಾಲುಸೇತುವೆ ಇದೆಯಲ್ಲ, ಅದರ ಸ್ವಲ್ಪ ಮೇಲೆ ಒಂದು ಹೆಣ್ಣು ಕೋಹೋ (ಸಾಲ್ಮನ್‌ನಲ್ಲೇ ಒಂದು ಜಾತಿ) ಬಿದ್ದಿತ್ತು. ಎರಡಡಿ ಉದ್ದ. ಮೈಮೇಲೆ ಒಂದು ಗೀರೂ ಇಲ್ಲ. ಮೊಟ್ಟೆ ಇಟ್ಟು ಸತ್ತ ಹೆಣ್ಣಾದರೆ ಬಾಲ ನೋಡಿದ ಕೂಡಲೇ ಗೊತ್ತಾಗುತ್ತೆ. ಮೈ ಒಂದು ಮಗ್ಗುಲಾಗಿಸಿ ಬಾಲದಿಂದ ಜಲ್ಲಿಕಲ್ಲು ಬಡಿದು ಬಡಿದು ಗುಂಡಿ ತೋಡಿರುತ್ತೆ, ಬಾಲದ ಅಂಚು ಸವೆದು ಬೆಳ್ಳಗೆ, ಹಳೇ ಕಡ್ಡಿಪೊರಕೆ ಥರ ಆಗಿರುತ್ತೆ. ಇದರ ಬಾಲ ಹೊಸದಾಗಿತ್ತು. ನಾನೇ ಸೀಳಿದೆ. ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ. ಒಳಗಿನಿಂದ ಮೊಟ್ಟೆ ಜಾರಿ ಕೈಗವಸಿನ ಮೇಲೆ ಸುರಿದವು. ಕಿತ್ತಳೆ ಬಣ್ಣ, ಬಟಾಣಿ ಗಾತ್ರ, ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ, ಥೇಟ್ ಲಾಡು ಕಟ್ಟೋ ಮೊದಲಿನ ಬೂಂದಿ. ಒಂದು ಕೋಹೋ ಹೊಟ್ಟೆಯಲ್ಲಿ ಎರಡೂವರೆ ಮೂರು ಸಾವಿರ ಮೊಟ್ಟೆ ಇರುತ್ತೆ. ಅಷ್ಟೂ ಅಲ್ಲೇ ಇತ್ತು. ಆ ದೀಪಾವಳಿಗೆ ಲಾಡು ತಿನ್ನೋಕೆ ಆಗಲಿಲ್ಲ ನನಗೆ.

ಆದರೆ ಅಸಹ್ಯ ಅಂತ ತಿನ್ನದೇ ಇದ್ದದ್ದಲ್ಲ. ಹದಿನೆಂಟು ತಿಂಗಳು ಸಮುದ್ರದಲ್ಲಿ ಬೆಳೆದು, ಸೀಲ್ ಬಾಯಿ ತಪ್ಪಿಸಿಕೊಂಡು, ಡುವಾಮಿಶ್ ನದಿಯಿಂದ ನೆಲದಡಿಯ ಉದ್ದನೆಯ ಪೈಪಿನೊಳಗೆ ಕತ್ತಲಲ್ಲಿ ಈಜಿ ಇಲ್ಲಿಯವರೆಗೆ ಬಂದು, ಗುಂಡಿ ತೋಡೋ ಮೊದಲೇ ಸತ್ತಿದೆ. ಯಾಕೆ ಅನ್ನೋದೇ ನಿಮ್ಮ ಯಜಮಾನರ ಪ್ರಶ್ನೆಗೆ ಉತ್ತರ.

1990ರ ದಶಕದ ಕೊನೆಗೆ ಸಿಯಾಟಲ್‌ನ ಹಳ್ಳಗಳನ್ನು ದುರಸ್ತಿ ಮಾಡಿದರು. ಕಸ ತೆಗೆದರು, ಗಿಡ ನೆಟ್ಟರು, ಮೋರಿ ಸರಿಮಾಡಿದರು. ಕೋಹೋ ಬಂದವು. ಬಂದು ಸತ್ತವು. ಮೊದಲ ಜೋರು ಮಳೆ ಬಂದ ಕೆಲವೇ ಗಂಟೆಗಳಲ್ಲಿ ಬಾಯಿ ತೆರೆದುಕೊಂಡು, ರೆಕ್ಕೆ ಅಗಲಿಸಿಕೊಂಡು, ಕುಡಿದವರ ಹಾಗೆ ನೀರಿನ ಮೇಲೆ ಸುತ್ತು ಹೊಡೆದು ಸಾಯೋವು. ವರ್ಷ ವರ್ಷ ಹಳ್ಳಕ್ಕೆ ಇಳಿದು ಹೊಟ್ಟೆ ಸೀಳಿ ನೋಡಿದ್ದರಿಂದಲೇ ಗೊತ್ತಾದದ್ದು, ನಗರದ ಹಳ್ಳಗಳಲ್ಲಿ ಬಂದ ಕೋಹೋಗಳಲ್ಲಿ ನೂರಕ್ಕೆ 40ರಿಂದ 90 ಮೊಟ್ಟೆ ಇಡೋ ಮೊದಲೇ ಹೋಗ್ತಿವೆ ಅಂತ. ಆ ಲೆಕ್ಕ ಇಲ್ಲದಿದ್ದರೆ ಸಾಲ್ಮನ್ ಹೇಗೂ ಮೊಟ್ಟೆ ಇಟ್ಟ ಮೇಲೆ ಸಾಯುತ್ತೆ ಅಂದುಕೊಂಡು ಎಲ್ಲರೂ ಸುಮ್ಮನಾಗುತ್ತಿದ್ದರು. ಕಾರಣ ಸಿಕ್ಕಿದ್ದು 2020ರ ಡಿಸೆಂಬರಿನಲ್ಲಿ. ಟೈರ್ ಬಿರುಕು ಬಿಡದಿರಲಿ ಅಂತ ರಬ್ಬರಿಗೆ 6ಪಿಪಿಡಿ ಅಂತ ಒಂದು ರಾಸಾಯನಿಕ ಸೇರಿಸ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತೆ. ರಸ್ತೆ ಮೇಲಿನ ಟೈರ್ ಪುಡಿ ಮಳೆನೀರಿನ ಜೊತೆ ನೇರ ಹಳ್ಳಕ್ಕೆ. ಲೀಟರ್ ನೀರಿನಲ್ಲಿ 95 ನ್ಯಾನೋಗ್ರಾಂ ಇದ್ದರೆ ಕೋಹೋ ಮರಿಗಳಲ್ಲಿ ಅರ್ಧ ಸಾಯುತ್ತವೆ. ಯೂರೋಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪ್ಯುಯಾಲಪ್ ಈ ಮೂರು ಬುಡಕಟ್ಟಿನವರು ಅರ್ಜಿ ಹಾಕಿದ ಮೇಲೆ 2023ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಪರಿಶೀಲಿಸೋಕೆ ಒಪ್ಪಿಕೊಂಡಿತು.

ಮೀನು ಎಣಿಸಿದರೆ ಮೀನು ಜಾಸ್ತಿ ಆಗಲ್ಲ, ನಿಜ. ಆದರೆ ಬ್ಯಾಂಕ್ ಪಾಸ್‌ಬುಕ್ ನೋಡದೇ ಇದ್ದರೆ ದುಡ್ಡು ಎಲ್ಲಿ ಸೋರುತ್ತಿದೆ ಅಂತಲೂ ಗೊತ್ತಾಗಲ್ಲ ಅಂತ ಯಜಮಾನರಿಗೆ ಹೇಳಿ. (ಎಲೆಕ್ಟ್ರಿಕ್ ಕಾರು ತಗೊಂಡು ಪುಣ್ಯ ಕಟ್ಟಿಕೊಂಡೆ ಅಂತ ಬೀಗುತ್ತಿದ್ದೆ. ಅದಕ್ಕೂ ಟೈರ್ ರಬ್ಬರಿನದೇ.)

ಎಣಿಸಿದ ಮೀನಿನ ಬಾಲ ಕತ್ತರಿಸಿ ಮತ್ತೆ ನೀರಿಗೇ ಬಿಡ್ತೀವಿ. ಬಾಲ ಇಲ್ಲ ಅಂದರೆ ಲೆಕ್ಕಕ್ಕೆ ಸೇರಿದೆ ಅಂತ ನಾಳೆ ಬರೋರಿಗೆ ಗುರುತು, ಹೆಣ ಹಳ್ಳಕ್ಕೆ ಗೊಬ್ಬರ. ರಕೂನು, ನೀರುನಾಯಿ ಎಳೆದುಕೊಂಡು ಹೋಗಿ ಪೊದೆಯಲ್ಲಿ ಅರ್ಧ ತಿಂದು ಬಿಟ್ಟಿರುತ್ತವೆ, ದಡದ ಮೇಲೂ ಹುಡುಕಿ. ಇದನ್ನೆಲ್ಲ ಮಾಡೋಕೆ ಸಂಸ್ಥೆಯವರ ಹತ್ತಿರ ಪರವಾನಗಿ ಇರುತ್ತೆ. ತಂಡದ ಜೊತೆ ಇಲ್ಲದಾಗ ನೀವಾಗಿ ನೀವೇ ಹೋಗಿ ಸತ್ತ ಮೀನನ್ನೂ ಮುಟ್ಟಬೇಡಿ.

ಅತ್ತೆ ಊರಿನಿಂದ ಬಂದಿದ್ದಾಗ ಮಾತ್ರ ಹಿಂದಿನ ಬಾಗಿಲಿನಿಂದ ಬಂದು ನೇರ ಸ್ನಾನಕ್ಕೆ ಹೋಗಬೇಕಿತ್ತು. ಆ ವಾಸನೆಗೆ ಮಡಿ ಇಲ್ಲದವರೂ ಅದನ್ನೇ ಮಾಡ್ತಾರೆ ಬಿಡಿ.

ರೆಡ್ಮಂಡ್‌ನ ಟೆಸ್ಟರ್:

ಮೇಡಂ ಎಲ್ಲಾ ಹೇಳಿದ್ದಾರೆ. ನಾನು ಹೇಳೋದು ಒಂದೇ, ಸೊನ್ನೆಯ ವಿಷಯ.

ಮೊದಲ ನಾಲ್ಕಾರು ಸಲ ನಿಮಗೆ ಮೀನೇ ಕಾಣಿಸದೇ ಇರಬಹುದು. ಕಿಂಗ್ ಕೌಂಟಿಯಲ್ಲಿ ‘ಸಾಲ್ಮನ್ ವಾಚರ್’ ಅಂತ ಒಂದು ಕಾರ್ಯಕ್ರಮ 1996ರಿಂದ ಸುಮಾರು 20 ವರ್ಷ ನಡೆಯಿತು. ವಾರಕ್ಕೆರಡು ಸಲ, ಒಂದೇ ಜಾಗದಲ್ಲಿ, ಹದಿನೈದು ನಿಮಿಷ ನಿಂತು ನೋಡೋದು. ಎಷ್ಟೋ ಜನ ಇಡೀ ಸೀಸನ್ ಸೊನ್ನೆ ಬರೆದೇ ಮನೆಗೆ ಹೋದವರು. ಹದಿನೈದು ನಿಮಿಷ ಅಂದರೆ ಕಮ್ಮಿ ಅನಿಸುತ್ತೆ, ಫೋನ್ ತೆಗೆಯದೇ ಬರೀ ನೀರು ನೋಡಿಕೊಂಡು ನಿಂತು ನೋಡಿ.

ನನ್ನ ತಪ್ಪು ಹೇಳ್ತೀನಿ. ನಮ್ಮ ತಂಡದ ಹಳ್ಳದಲ್ಲಿ ಸತತ ಐದು ಸಲ ಸೊನ್ನೆ ಬರೆದಿದ್ದೆ. ಆರನೇ ಸಲ ಆಫೀಸಿನಲ್ಲಿ ರಿಲೀಸ್ ಇತ್ತು, ಹೋಗಲಿಲ್ಲ. ಹೇಗೂ ಇರಲ್ಲ ಬಿಡು ಅಂತ ಮನೆಯಲ್ಲೇ ಕೂತು ಸೊನ್ನೆ ತುಂಬಿ ಕಳಿಸಿದೆ. ಅದೇ ದಿನ ಕೆಳಗಿನ ಸೇತುವೆಯವರು ಮೂರು ಮೀನು ಬರೆದಿದ್ದರು. ಎರಡೂ ಹಾಳೆ ಇಟ್ಟುಕೊಂಡು ಸಂಯೋಜಕಿ ಫೋನ್ ಮಾಡಿ, "ಇವು ಮೂರೂ ಎಲ್ಲಿ ಹೋದವು, ಮಧ್ಯೆ ಏನಾದರೂ ಅಡ್ಡ ಬಿದ್ದಿದೆಯಾ, ನೋಡ್ತೀರಾ?" ಅಂತ ಕೇಳಿದರು. ಪಾಪ, ಅವರು ನನ್ನನ್ನು ಅನುಮಾನಿಸಲೇ ಇಲ್ಲ. ಬಿದ್ದ ಮರ ಹುಡುಕಿಕೊಂಡು ಇಬ್ಬರು ಅರ್ಧ ದಿನ ನಡೆದರು, ಅದರಲ್ಲಿ ನಾನೂ ಒಬ್ಬ. ಸಂಜೆ ಒಪ್ಪಿಕೊಂಡೆ. ಎಂಟು ವರ್ಷದ ಟೆಸ್ಟಿಂಗ್ ಅನುಭವ ಇದ್ದವನು, ಓಡಿಸದ ಟೆಸ್ಟಿಗೆ ಪಾಸ್ ಅಂತ ಹಾಕಿದ ಹಾಗಾಯ್ತು.

ಹಾಗಾಗಿ: ಹೋಗಿ ನೋಡಿ ಇಲ್ಲದಿದ್ದರೆ ಸೊನ್ನೆ. ಹೋಗದಿದ್ದರೆ ಖಾಲಿ ಬಿಡಿ. ಹೋಗಿ, ನೀರು ಕದಡಿ ತಳ ಕಾಣದಿದ್ದರೆ ಅದನ್ನೇ ಬರೆಯಿರಿ, ಸೊನ್ನೆ ಬರೆಯಬೇಡಿ. ಒಂದು ಶನಿವಾರ ತಪ್ಪಿದರೆ ಯಾರೂ ಬೈಯಲ್ಲ.

ಇಸ್ಸಕ್ವಾದ ಎರಡು ಮಕ್ಕಳ ತಾಯಿ:

ಜಾತಿ ಗುರುತಿನ ಬಗ್ಗೆ ಯೋಚನೆ ಬೇಡ, ನೀರಿಗೆ ಇಳಿಯೋ ಮೊದಲೇ ಕಣ್ಣು ಪಳಗಿಸಿಕೊಳ್ಳಿ. ಬ್ಯಾಲಾರ್ಡ್ ಲಾಕ್ಸ್‌ನಲ್ಲಿ (ದೋಣಿಗಳು ದಾಟೋ ಕಾಲುವೆ ಗೇಟು) ಮೀನು ಹತ್ತೋಕೆ ಮೆಟ್ಟಿಲು ಇದೆ, 21 ಮೆಟ್ಟಿಲು, ಗಾಜಿನ ಕಿಟಕಿಯಿಂದ ಮುಖಾಮುಖಿ ನೋಡಬಹುದು. ಜುಲೈನಲ್ಲಿ ಸಾಕ್‌ಐ, ಆಗಸ್ಟ್ ಕೊನೆಗೆ ಚಿನೂಕ್, ಸೆಪ್ಟೆಂಬರ್ ಕೊನೆಗೆ ಕೋಹೋ. ನಮ್ಮ ಇಸ್ಸಕ್ವಾ ಊರ ಮಧ್ಯದಲ್ಲೇ 1936ರಿಂದ ಹ್ಯಾಚರಿ ಇದೆ. ಅಕ್ಟೋಬರ್ ಮೊದಲ ಶನಿವಾರ ಭಾನುವಾರ ಸಾಲ್ಮನ್ ಡೇಸ್ ಜಾತ್ರೆ, ನಿಜಕ್ಕೂ ನಮ್ಮೂರ ಜಾತ್ರೆ ಥರಾನೇ, ಪಾರ್ಕಿಂಗ್ ಮಾತ್ರ ದೇವರೇ ಗತಿ.

ಶಾಲೆಯಲ್ಲಿ ಮಕ್ಕಳಿಗೆ ಸಾಲ್ಮನ್‌ನ ಐದು ಜಾತಿಗೆ ಐದು ಬೆರಳಿನ ಲೆಕ್ಕ ಕಲಿಸ್ತಾರೆ. ಹೆಬ್ಬೆರಳು ಅಂದರೆ ಥಂಬ್, ಪ್ರಾಸಕ್ಕೆ ಚಮ್. ತೋರುಬೆರಳಲ್ಲಿ ಕಣ್ಣು ಚುಚ್ಚಿದರೆ ಸಾಕ್‌ಐ. ನಡುಬೆರಳು ಎಲ್ಲಕ್ಕಿಂತ ದೊಡ್ಡದು, ರಾಜ, ಚಿನೂಕ್. ಉಂಗುರದ ಬೆರಳಿಗೆ ಬೆಳ್ಳಿ, ಸಿಲ್ವರ್ ಅಂತಲೂ ಕರೆಯೋ ಕೋಹೋ. ಕಿರುಬೆರಳು ಪಿಂಕಿ, ಪಿಂಕ್. ನನ್ನ ಮಗ ಇದನ್ನು ನಮ್ಮ ಅಮ್ಮನಿಗೆ ಕಲಿಸಿ, ಅವರು ಬೆಂಗಳೂರಿಗೆ ಹೋಗಿ ಪಾರ್ಕಿನ ವಾಕಿಂಗ್ ಗೆಳತಿಯರಿಗೆಲ್ಲ ಕಲಿಸಿದ್ದಾರೆ.

ಹೆಸರು ಬಂದರೆ ಸಾಲದಲ್ಲ, ಹಳ್ಳದಲ್ಲಿ ಮೈ ನೋಡಬೇಕು. ಸಮುದ್ರದಲ್ಲಿ ಎಲ್ಲವೂ ಬೆಳ್ಳಿಯೇ, ಸಿಹಿನೀರಿಗೆ ಬಂದ ಮೇಲೆ ಬಣ್ಣ ತಿರುಗುತ್ತೆ. ಮೈ ಕೆಂಪು, ತಲೆ ಹಸಿರು ಇದ್ದರೆ ಸಾಕ್‌ಐ. ಪಕ್ಕೆಯಲ್ಲಿ ಮೇಲಿಂದ ಕೆಳಗೆ ನೇರಳೆ ಪಟ್ಟೆ, ಇಳಕಲ್ ಸೀರೆಯ ಮೇಲೆ ಬಣ್ಣ ಚೆಲ್ಲಿದ ಹಾಗಿದ್ದರೆ ಚಮ್. ಗಂಡಿಗೆ ನಾಯಿಹಲ್ಲು. ಬೆನ್ನಿನ ಮೇಲೆ ಗೂನು ಇದ್ದರೆ ಗಂಡು ಪಿಂಕ್, ಈ ಕಡೆ ಹೆಚ್ಚಾಗಿ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ಬರುತ್ತೆ. ಗಲಿಬಿಲಿ ಆಗೋದು ಚಿನೂಕ್, ಕೋಹೋ ಎರಡರಲ್ಲಿ. ಬಾಲ ನೋಡಿ: ಚುಕ್ಕೆ ಬಾಲದ ಮೇಲಿನ ಅರ್ಧದಲ್ಲಿ ಮಾತ್ರ ಇದ್ದರೆ ಕೋಹೋ, ಎರಡೂ ಕಡೆ ಇದ್ದರೆ ಚಿನೂಕ್. ಸತ್ತ ಮೀನಾದರೆ ಬಾಯಿ ತೆರೆದು ವಸಡು ನೋಡಿ, ಕಪ್ಪಿದ್ದರೆ ಚಿನೂಕ್.

ಪೋಲರೈಸ್ಡ್ ಕನ್ನಡಕ ತಗೊಳ್ಳಿ. ನೀರಿನ ಹೊಳಪು ಹೋಗಿ ತಳ ಕಾಣುತ್ತೆ. ಕೊಳ್ಳಬೇಕಾದದ್ದು ನನ್ನ ಪ್ರಕಾರ ಅದೊಂದೇ, ವೇಡರ್ ಎಲ್ಲ ಸಾಮಾನ್ಯವಾಗಿ ತಂಡದವರ ಹತ್ತಿರವೇ ಇರುತ್ತೆ. ಅವರ ಹತ್ತಿರ ನಿಮ್ಮ ಅಳತೆಯದ್ದು ಇರುತ್ತೆ ಅಂತ ಮಾತ್ರ ನಂಬಬೇಡಿ.

ಬಿಟ್ಟುಬಂದವನು, ಬ್ಯಾಲಾರ್ಡ್:

ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ನಾನು ಲಾಂಗ್‌ಫೆಲೋದಲ್ಲಿ ಒಂದು ಸೀಸನ್ ಮಾಡಿ ಬಿಟ್ಟೆ. ವಾರಕ್ಕೊಂದು ಬೆಳಗ್ಗೆ ಎದ್ದು ಹೋಗಿ ಮೊಟ್ಟೆ ತುಂಬಿದ ಹೆಣ ಸೀಳೋದು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಸಂಬಳಕ್ಕಾದರೆ ಮಾಡಬಹುದಿತ್ತೇನೋ. ಒಂಬತ್ತು ವರ್ಷದ ಮಗುವನ್ನು ಮೊದಲ ಸಲಕ್ಕೇ ಅಲ್ಲಿಗೆ ಕರೆದುಕೊಂಡು ಹೋಗಬೇಡಿ ಅಂತ ನನ್ನ ಸಲಹೆ.

ಮೊದಲು ಕಾರ್ಕೀಕ್ ಪಾರ್ಕಿನ ಪೈಪರ್ಸ್ ಹಳ್ಳಕ್ಕೆ ಹೋಗಿ. ನವೆಂಬರ್ ಮಧ್ಯದಿಂದ ಅಲ್ಲಿ ಚಮ್ ಬರುತ್ತೆ. ವಿಚಿತ್ರ ನೋಡಿ, ಕೋಹೋ ಸಾಯೋ ಅದೇ ರಸ್ತೆ ನೀರಿನಲ್ಲಿ ಚಮ್ ಇಟ್ಟು ನೋಡಿದ್ದಾರೆ, ಅವಕ್ಕೆ ಏನೂ ಆಗಲ್ಲ. ಹಾಗಾಗಿ ಕಾರ್ಕೀಕ್‌ನಲ್ಲಿ ಮಗುವಿಗೆ ಪೂರ್ತಿ ಕಥೆ ಕಾಣುತ್ತೆ: ಹೆಣ್ಣು ಗುಂಡಿ ತೋಡೋದು, ಗಂಡುಗಳು ಒಂದನ್ನೊಂದು ಕಚ್ಚಿ ಓಡಿಸೋದು, ಆಮೇಲೆ ಸಾವು. ಸುಕ್ವಾಮಿಶ್ ಬುಡಕಟ್ಟಿನವರ ಹ್ಯಾಚರಿಯಿಂದ ತಂದ ಮರಿಗಳಿಂದ ಮತ್ತೆ ಶುರುವಾದ ಸಂತತಿ ಅದು. ದಡದಲ್ಲಿ ನಿಂತು ಬಂದವರಿಗೆ ವಿವರಿಸೋಕೂ ಸ್ವಯಂಸೇವಕರು ಬೇಕಾಗ್ತಾರೆ. ನಾನು ಈಗ ಅಲ್ಲಿದ್ದೀನಿ, ಖುಷಿಯಾಗಿದ್ದೀನಿ.

ಮಳೆಹುಚ್ಚಿ, ಡೆಲ್‌ರಿಡ್ಜ್:

ಮಗುವಿನ ವಿಷಯದಲ್ಲಿ ನಿಮ್ಮ ಮಾತು ಸರಿ, ಒಪ್ಪಿದೆ. ಉಳಿದದ್ದಕ್ಕೆ ಒಂದು ಸೇರಿಸ್ತೀನಿ. ಹೋದ ವರ್ಷ ಗಾಲ್ಫ್ ಮೈದಾನದ ಕೆಳಗೆ ಒಂದು ಹೆಣ್ಣು ಕೋಹೋ ಬಾಲ ಬೆಳ್ಳಗಾಗುವಷ್ಟು ತೋಡಿ ಸತ್ತಿತ್ತು. ಸೀಳಿದರೆ ಒಳಗೆ ನಾಲ್ಕು ಮೊಟ್ಟೆ. ನಾಲ್ಕೇ. ನಾವು ಮೂವರೂ ಮಳೆಯಲ್ಲಿ ನಿಂತು ಕಿರುಚಿದ್ದಕ್ಕೆ ಮೇಲಿನ ಮನೆಯವರು ಏನಾಯ್ತು ಅಂತ ಓಡಿ ಬಂದರು.

ತೀರ್ಥಹಳ್ಳಿ ಕಡೆಯ ಅಜ್ಜ, ಮಗಳ ಫೋನಿನಿಂದ:

ಮಕ್ಕಳೇ, ನಾನು ಹೋದ ನವೆಂಬರಿನಲ್ಲಿ ಶೋರ್‌ಲೈನಿನಲ್ಲಿರುವ ಮಗಳ ಮನೆಗೆ ಬಂದಿದ್ದೆ. ಮೇಲೆ ಹೇಳಿದ ಕಾರ್ಕೀಕ್ ಪಾರ್ಕಿಗೆ ದಿನವೂ ಹೋಗಿ ನಿಲ್ಲುತ್ತಿದ್ದೆ. ನನಗೆ ಇದು ಹೊಸದಲ್ಲ. ನಮ್ಮ ಮಲೆನಾಡಿನಲ್ಲಿ ಮುಂಗಾರಿನ ಮೊದಲ ಜಡಿಮಳೆಗೆ ಹೊಳೆಯ ಮೀನು ಹಳ್ಳ ಹತ್ತಿ, ಹಳ್ಳದಿಂದ ಗದ್ದೆಗೆ ನುಗ್ಗುತ್ತದೆ. ಹತ್ತುಮೀನು ಎನ್ನುತ್ತೇವೆ. ಹುಡುಗರಾಗಿದ್ದಾಗ ರಾತ್ರಿ ಲಾಟೀನು ಹಿಡಿದು ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡುತ್ತಿದ್ದೆವು. ಮೊಟ್ಟೆ ಇಡಲು ಬಂದ ಮೀನು ಎಂಬ ಯೋಚನೆ ಆಗ ಯಾರಿಗೂ ಇರಲಿಲ್ಲ, ಹೊಟ್ಟೆ ತುಂಬಿದ ಮೀನು ಸಿಕ್ಕಿದರೆ ಇನ್ನೂ ಸಂತೋಷ. ಹಾಗೆಯೇ ಅದೇ ತುಂಗೆಯಲ್ಲಿ ಶೃಂಗೇರಿಯ ಮೀನಿಗೆ ಅಕ್ಕಿ, ಮಂಡಕ್ಕಿ ಹಾಕಿ ಕೈಮುಗಿಯುತ್ತಿದ್ದೆವು. ಎರಡೂ ನಾವೇ.

ಒಂದು ವ್ಯತ್ಯಾಸ ನನಗೆ ಅರಗಲಿಲ್ಲ. ನಮ್ಮ ಹತ್ತುಮೀನು ಮೊಟ್ಟೆ ಇಟ್ಟು ಹೊಳೆಗೆ ವಾಪಸು ಇಳಿಯುತ್ತದೆ. ಇದು ಇಳಿಯುವುದಿಲ್ಲ.

ನನ್ನಂಥ ವಯಸ್ಸಾದವರಿಗೆ ನೀರಿಗೆ ಇಳಿಯುವ ಕೆಲಸವಲ್ಲ, ಸೇತುವೆಯ ಮೇಲಿಂದ ನೋಡುವ ಕೆಲಸವೂ ಇದೆ. ಎರಡು ವಿಷಯ ಕಲಿತೆ. ಒಂದು, ಮೀನು ಒಂದೇ ದಿಕ್ಕಿನಲ್ಲಿ ಹೋಗುತ್ತದೆ ಎಂದುಕೊಳ್ಳಬೇಡಿ. ಗುಂಡಿಯಿಂದ ಮೇಲೆ ಹೋಗುತ್ತದೆ, ತಿರುಗಿ ಬರುತ್ತದೆ. ಮೊದಲ ದಿನ ನಾನು ಹನ್ನೊಂದು ಎಂದೆ, ಪಕ್ಕದಲ್ಲಿದ್ದ ಹುಡುಗಿ ನಾಲ್ಕು ಎಂದಳು. ಅವಳದ್ದೇ ಸರಿ. ಒಂದೊಂದರ ಮೈಮೇಲಿನ ಗುರುತು ಹಿಡಿದುಕೊಳ್ಳಬೇಕು, ನಮ್ಮ ಕೊಟ್ಟಿಗೆಯ ದನದ ಹಾಗೆ: ಬಾಲ ಹರಿದದ್ದು, ಬೆನ್ನಿಗೆ ಬಿಳಿ ಮಚ್ಚೆ ಇರುವುದು. ಎರಡು, ಕೊಡೆಯನ್ನು ತಲೆಗೆ ಹಿಡಿಯುವುದಕ್ಕಿಂತ ಮುಂದಕ್ಕೆ ಬಾಗಿಸಿ ಹಿಡಿಯಿರಿ, ಬೆಳಕು ತಡೆದು ನೀರಿನೊಳಗೆ ಚೆನ್ನಾಗಿ ಕಾಣುತ್ತದೆ. ನೆರಳು ಮಾತ್ರ ಮೀನಿನ ಮೇಲೆ ಬೀಳಬಾರದು.

ಹುಬ್ಬಳ್ಳಿ ಹುಡುಗ, ಕರ್ಕ್‌ಲ್ಯಾಂಡ್:

ಏನ್ರೀ, ಇಷ್ಟ ಮಂದಿ ಬರದ್ರೂ ಬೂಟಿನ ಸುದ್ದಿ ಯಾರೂ ತಗೀಲಿಲ್ಲಲ್ರೀ! ಈ ಕಡೆ ಭಾಳ ಹಳ್ಳದಾಗ ನ್ಯೂಜಿಲೆಂಡ್ ಮಡ್‌ಸ್ನೇಲ್ ಅಂತ ಒಂದು ಬಸವನಹುಳ ಐತಿ. ಸಣ್ಣವು ಸಾಸಿವಿ ಕಾಳಿನಕಿಂತ ಸಣ್ಣ ಇರ್ತಾವ. ಗಂಡು ಹೆಣ್ಣು ಅಂತ ಜೋಡಿನೂ ಬೇಕಾಗಂಗಿಲ್ಲ, ಒಂದ ಹುಳ ಬೂಟಿಗೆ ಹತ್ತಿ ಇನ್ನೊಂದ ಹಳ್ಳಕ್ಕ ಹೋದ್ರ ಮುಗೀತು, ಅದರಿಂದನ ಸಾವಿರಗಟ್ಲೆ ಹುಟ್ತಾವ. ಮೀನಿಗೆ ಉಪಕಾರ ಮಾಡಾಕ ಹೋಗಿ ಹಳ್ಳ ಕೆಡಿಸಿ ಬಂದಂಗ ಆಗ್ತೈತಿ. ಹಳ್ಳದ ದಂಡಿ ಮ್ಯಾಲೇ ಬ್ರಷ್ ಹಿಡದು ಬೂಟಿನ ಅಡಿ, ಲೇಸು, ಸಂದಿ ಎಲ್ಲಾ ತಿಕ್ಕರಿ. ಆಮ್ಯಾಲ ಪೂರಾ ಒಣಗಿಸ್ರಿ, ಇಲ್ಲಾ ಫ್ರೀಜರಿನಾಗ ಇಡ್ರಿ, ಎಷ್ಟೊತ್ತು ಅಂತ ನಿಮ್ಮ ತಂಡದವ್ರು ಹೇಳ್ತಾರ.

ಫ್ರೀಜರಿನಾಗ ಇಡೂಕಿಂತ ಮೊದಲ ಮನಿಯಾಗ ಹೇಳ್ರಿ. ನಾ ಹೇಳಿರ್ಲಿಲ್ಲ. ನಮ್ಮಾಕಿ ರವಿವಾರ ಫ್ರೀಜರ್ ತಗದು ನೋಡತಾಳ: ಈ ಕಡೆ ಕೊಬ್ಬರಿ ತುರಿ, ಆ ಕಡೆ ಅವರವ್ವ ಕಳಿಸಿದ ಹೋಳಿಗಿ ಡಬ್ಬಿ, ನಡುವ ನನ್ನ ಬೂಟು. ಎರಡು ಪ್ಲಾಸ್ಟಿಕ್ ಚೀಲದಾಗ ಕಟ್ಟಿದ್ದೆ ಅಂದ್ರೂ ಕೇಳಲಿಲ್ಲ. ಆ ಹೋಳಿಗಿ ಪೂರಾ ನನಗ ಬಿತ್ತು, ಅದೊಂದು ಲಾಭ ಅನ್ರಿ.

ಇನ್ನೊಂದು. ವೇಡರ್ ಮ್ಯಾಲೆ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ರಿ. ಕಾಲು ಜಾರಿ ಬಿದ್ರ ಒಳಗ ನೀರು ತುಂಬಿ ಏಳಾಕ ಆಗಂಗಿಲ್ಲ. ಒಬ್ರ ಯಾವತ್ತೂ ಇಳಿಬ್ಯಾಡ್ರಿ. ಮತ್ತ ಹಳ್ಳದ ತಳದಾಗ ಸುತ್ತಲಿನ ಕಲ್ಲು ಪಾಚಿಗಟ್ಟಿ ಕರ್ರಗಿದ್ದು, ನಡುವ ಒಂದು ಜಾಗಾ ತೊಳದಿಟ್ಟಂಗ ಬೆಳ್ಳಗ ಕಂಡ್ರ, ಅದು ಮೀನಿನ ಗೂಡು. ಮೊಟ್ಟಿ ಆ ಜಲ್ಲಿ ಒಳಗ ಇರ್ತಾವ. ಅದರ ಮ್ಯಾಲೆ ಕಾಲಿಟ್ಟೀರಿ ಮತ್ತ!

ನಾಯಿ ಸಾಕಿದವಳು, ಬೋಥೆಲ್:

ನಾಯಿ ಇದ್ದರೆ ದಯವಿಟ್ಟು ಮನೆಯಲ್ಲಿ ಬಿಟ್ಟು ಹೋಗಿ. ಹಸಿ ಸಾಲ್ಮನ್ ತಿಂದರೆ ನಾಯಿಗಳಿಗೆ ಸಾಲ್ಮನ್ ಪಾಯ್ಸನಿಂಗ್ ಅಂತ ಕಾಯಿಲೆ ಬರುತ್ತೆ, ಮೀನಿನಲ್ಲಿರೋ ಒಂದು ಚಪ್ಪಟೆ ಹುಳದೊಳಗಿನ ಬ್ಯಾಕ್ಟೀರಿಯಾದಿಂದ. ನಮ್ಮವನು ದಡದಲ್ಲಿ ಬಿದ್ದಿದ್ದ ತುಂಡು ನುಂಗಿದ್ದ, ನಾನು ನೋಡಿಯೂ ಸುಮ್ಮನಿದ್ದೆ. ಒಂದು ವಾರದ ಮೇಲೆ ಜ್ವರ, ವಾಂತಿ, ಊಟ ಬಿಟ್ಟ. ‘ಹಳ್ಳದ ಹತ್ತಿರ ಮೀನು ತಿಂದಿದ್ದಾನೆ’ ಅಂತ ಡಾಕ್ಟರಿಗೆ ಹೇಳಿದ್ದಕ್ಕೆ ಬೇಗ ಔಷಧಿ ಶುರುವಾಗಿ ಉಳಿದ. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನ ನಾಯಿಗಳು ಉಳಿಯಲ್ಲ.

ಬರ್ನಬಿಯಿಂದ, ಗಡಿಯಾಚೆ:

ನಾವು ಕೆನಡಾದ ಕಡೆಯವರು. ಇಲ್ಲಿ ಸ್ಟಿಲ್ ಕ್ರೀಕ್ ಅಂತ ಒಂದು ಹಳ್ಳ, ಗೋದಾಮು, ರೈಲುಹಳಿ, ಸೂಪರ್‌ಮಾರ್ಕೆಟ್ ಹಿಂಭಾಗದಲ್ಲಿ ಹರಿಯುತ್ತೆ. ನೋಡಿದರೆ ಚರಂಡಿ ಅಂತೀರಿ. ಸುಮಾರು 80 ವರ್ಷ ವ್ಯಾಂಕೂವರ್ ಭಾಗದಲ್ಲಿ ಒಂದು ಸಾಲ್ಮನ್ನೂ ಇರಲಿಲ್ಲ, 2012ರಲ್ಲಿ ಚಮ್ ಬಂದವು. ಯಾರೋ ಎಣಿಸೋಕೆ ಅಂತ ನಿಂತಿದ್ದಕ್ಕೆ ಸಿಕ್ಕಿದ್ದಲ್ಲ, ಆದರೆ ಈಗ ಶರತ್ಕಾಲ ಬಂದರೆ ಅಲ್ಲಿ ಜನ ಬೇಲಿಗೆ ಒರಗಿ ನಿಂತಿರ್ತಾರೆ.

ಮಗಳಿಗೆ ಏನು ಕೆಲಸ ಅಂತ ಕೇಳಿದ್ದೀರಿ. ನಮ್ಮ ಹುಡುಗಿ ಎಂಟು ವರ್ಷದಿಂದಲೇ ಮಳೆನೀರಿನ ಮೋರಿಗಳ ಪಕ್ಕ ಹಳದಿ ಮೀನು ಬಣ್ಣ ಬಳಿಯೋಕೆ ಬರ್ತಾಳೆ. ಈ ನೀರು ಶುದ್ಧೀಕರಣಕ್ಕೆ ಹೋಗಲ್ಲ, ನೇರ ಹಳ್ಳಕ್ಕೆ, ಕಾರು ತೊಳೆದ ಸೋಪಿನ ನೀರು ಬಿಡಬೇಡಿ ಅಂತ ಹೇಳೋ ಗುರುತು ಅದು. ಈಗ ನಾನು ಮನೆ ಮುಂದೆ ಬಕೆಟ್ ಹಿಡಿದು ನಿಂತರೆ ಅವಳೇ ಪೊಲೀಸ್. ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿ ತೊಳೀತೀನಿ.

ಬೆಲ್ವ್ಯೂ, ವಸಂತಕಾಲದ ಕಾವಲುಗಾರ:

ಮಗಳಿಗೆ ಇನ್ನೊಂದು ಆಯ್ಕೆ. ಬೆಲ್ವ್ಯೂ ನಗರದ ಸ್ಟ್ರೀಮ್ ಟೀಮ್‌ನವರು ಏಪ್ರಿಲ್, ಮೇ ತಿಂಗಳಲ್ಲಿ ಪೀಮೌತ್ ಅನ್ನೋ ಮೀನು ನೋಡೋಕೆ ಜನರನ್ನು ಕರೀತಾರೆ. ಸಾಲ್ಮನ್ ಅಲ್ಲ, ನಮ್ಮ ಗೆಂಡೆಯ ದೂರದ ನೆಂಟ. ಕೆರೆಯಿಂದ ಕೆಲ್ಸಿ ಹಳ್ಳಕ್ಕೆ ನೂರಾರು ಒಟ್ಟಿಗೆ ಬಂದು, ಒಂದೆರಡು ದಿನದಲ್ಲಿ ಮೊಟ್ಟೆ ಇಟ್ಟು ವಾಪಸ್ ಹೋಗ್ತವೆ. ಸಾಯೋದಿಲ್ಲ, ಸೀಳೋದಿಲ್ಲ, ಮಳೆಯೂ ಕಮ್ಮಿ. ಹೋಗೋದು, ನೋಡೋದು, ಇದೆ ಅಥವಾ ಇಲ್ಲ ಅಂತ ತಿಳಿಸೋದು. ನಮ್ಮ ಮಕ್ಕಳಿಗೆ ಮೀನಿನ ಹುಚ್ಚು ಹತ್ತಿದ್ದು ಅಲ್ಲಿಂದಲೇ.

ಹೊಸಬಳು, ವೆಸ್ಟ್ ಸಿಯಾಟಲ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೆ ಪಾಸ್‌ಬುಕ್ಕಿನ ಮಾತು ಓದಿ ಹೇಳಿದೆ, ಒಂದು ನಿಮಿಷ ಸುಮ್ಮನಿದ್ದು, "ನಮ್ಮ ಕಾರಿನ ಟೈರ್ ಯಾವಾಗ ಬದಲಾಯಿಸಿದ್ದು?" ಅಂದರು. ಮಗಳನ್ನು ನವೆಂಬರಿನಲ್ಲಿ ಕಾರ್ಕೀಕ್‌ಗೆ ಕರೆದುಕೊಂಡು ಹೋಗ್ತೀನಿ, ಅಜ್ಜ ಈ ಸಲವೂ ಬರೋದಾದರೆ ಹೇಳಿ. ಲಾಂಗ್‌ಫೆಲೋಗೆ ಈ ವರ್ಷ ನಾನೊಬ್ಬಳೇ, ಬರೆಯೋ ಕೆಲಸಕ್ಕೆ. ಮುಂದಿನ ಶನಿವಾರ ತರಬೇತಿ. ಒಂದೇ ತೊಂದರೆ, ತಂಡದವರ ಹತ್ತಿರ ಇರೋ ವೇಡರ್ ಎಲ್ಲಾ ಬಾಸ್ಕೆಟ್‌ಬಾಲ್ ಆಡೋರ ಅಳತೆಯವು. ನನ್ನ ಕಾಲು ಲೇಡೀಸ್ ಆರೂವರೆ.

ಹುಬ್ಬಳ್ಳಿ ಹುಡುಗ, ಕರ್ಕ್‌ಲ್ಯಾಂಡ್:

ನಮ್ಮಾಕಿದು ಏಳನೇ ಸೈಜ್ ಐತ್ರಿ, ಎರಡು ಜೋಡಿ ಉಣ್ಣಿ ಸಾಕ್ಸ್ ಹಾಕ್ಕೊಂಡ್ರ ಸರಿ ಆಗ್ತೈತಿ. ಎರಡ ಸಲ ಹಾಕ್ಯಾಳ, ಇನ್ನ ಹಾಕಂಗಿಲ್ಲ ಅಂದಾಳ. ಶುಕ್ರವಾರ ಸಂಜಿಕೆ ಬಂದು ಒಯ್ಯರಿ, ಚಾ ಕುಡದು ಹೋಗೂವಂತ್ರಿ. ವಾಪಸ್ ಕೊಡೂವಾಗ ತಿಕ್ಕಿ ಒಣಗಿಸಿ ಕೊಡ್ರಿ. ನಮ್ಮ ಫ್ರೀಜರಿನಾಗ ಈಗ ಜಾಗಾ ಇಲ್ಲ.